ಎಡದಿಂದ ನಾಲ್ಕನೆಯವರು

ಕತ್ರಿಗುಪ್ಪೆ ಮುಖ್ಯರಸ್ತೆಯಲ್ಲಿ ಬಣ್ಣ, ಮೊಳೆ, ನಲ್ಲಿ, ಬೀಗಗಳ ಅಂಗಡಿ ಇಟ್ಟುಕೊಂಡಿದ್ದ ಶಂಭುಲಿಂಗಪ್ಪನವರಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಕೆಲಸವೇ ಇಲ್ಲದಂತಾಗಿತ್ತು. ಅಂಗಡಿಯೇನೂ ಮುಚ್ಚಿರಲಿಲ್ಲ, ಮುಂಚಿಗಿಂತ ಚೆನ್ನಾಗಿಯೇ ನಡೆಯುತ್ತಿತ್ತು. ತೊಂದರೆಯಾಗಿದ್ದೂ ಅದೇ. ಸೊಸೆ ಅಂಜನಾ ಕಂಪ್ಯೂಟರ್ ತಂದಿಟ್ಟುಕೊಂಡು ಗಲ್ಲಾದಲ್ಲಿ ಕೂತ ಮೇಲೆ ಯಾವ ಸಾಮಾನು ಯಾವ ಗೂಡಿನಲ್ಲಿದೆ ಎಂದು ಮಾವನನ್ನು ಕೇಳುವವರು ಯಾರೂ ಉಳಿದಿರಲಿಲ್ಲ. ಅವರು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು, ಬಂದವರಿಗೆ ‘ಬನ್ನಿ’, ಹೊರಟವರಿಗೆ ‘ಹೋಗ್ಬನ್ನಿ’ ಎನ್ನುತ್ತ ಕೂತಿರುತ್ತಿದ್ದರು. ನೋಡಲು ಮಾತ್ರ ಭರ್ಜರಿ ಆಳು. ಹಣೆಯ ತುಂಬ ವಿಭೂತಿ, ಮೂಗಿನ ಕೆಳಗೆ ದಪ್ಪ ಬಿಳಿ ಮೀಸೆ, ಬಿಳಿ ಪಂಚೆ.

ಒಂದು ಬೆಳಿಗ್ಗೆ ಹಳದಿ ಡಿಸ್ಟೆಂಪರ್ ಕೊಳ್ಳಲು ವೇಣು ಎಂಬಾತ ಬಂದ. ಯಾವುದೋ ಸೀರಿಯಲ್ಲಿನ ಮ್ಯಾನೇಜರಂತೆ. ಡಬ್ಬ ತೆಗೆದುಕೊಳ್ಳುವುದು ಬಿಟ್ಟು ಫೋನಿನಲ್ಲಿ ಕಿರುಚಾಡುತ್ತಿದ್ದ.

“ಹಿರಿಯರು ನಾಲ್ಕಕ್ಕೆ ಜ್ವರ ಅಂತೆ ಸಾರ್, ಬರಲ್ವಂತೆ. ನಾಲ್ಕನ್ನ ಬಿಟ್ಟು ಮಿಕ್ಕಿದೋರನ್ನ ಕೂರಿಸಿದ್ರೆ ಪಂಚಾಯ್ತಿ ಥರ ಕಾಣಲ್ಲ... ಆಯ್ತು ಸಾರ್, ಎಲ್ಲಾದ್ರೂ ಹುಡುಕ್ತೀನಿ.”

ಫೋನಿಟ್ಟು ತಿರುಗಿದವನ ಕಣ್ಣು ಬಾಗಿಲ ಪಕ್ಕದ ಕುರ್ಚಿಯ ಮೇಲೆ ಬಿತ್ತು. ವಿಭೂತಿ ನೋಡಿದ. ಮೀಸೆ ನೋಡಿದ. ಗಿರಾಕಿ ಬೀಗವನ್ನು ತಿರುವಿ ತಿರುವಿ ನೋಡುವ ಹಾಗೆ ಒಂದು ಸುತ್ತು ಬಂದು ಹಿಂದಿನಿಂದಲೂ ನೋಡಿದ.

“ಅಂಕಲ್, ಇವತ್ತೊಂದಿನ ನನ್ ಜೊತೆ ಬರ್ತೀರಾ? ಸೀರಿಯಲ್ ಶೂಟಿಂಗು. ಡೈಲಾಗ್ ಏನೂ ಇಲ್ಲ. ಸುಮ್ನೆ ಕೂತಿದ್ರೆ ಸಾಕು.”

“ಅದು ನಮ್ಮ ಮಾವಂಗೆ ಚೆನ್ನಾಗಿ ಬರುತ್ತೆ,” ಎಂದಳು ಅಂಜನಾ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. ಅವಳ ಮನಸ್ಸಿನಲ್ಲಿ ಕೊಂಕಿರಲಿಲ್ಲ. ಆದರೆ ಶಂಭುಲಿಂಗಪ್ಪನವರಿಗೆ ಅದು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಎದ್ದೇಬಿಟ್ಟರು.

ಶೂಟಿಂಗ್ ನಡೆಯುತ್ತಿದ್ದುದು ಜೆ.ಪಿ. ನಗರ ಏಳನೇ ಫೇಸಿನ ಒಂದು ಬಂಗಲೆಯಲ್ಲಿ. ಹಿತ್ತಲಿನಲ್ಲಿ ಥರ್ಮೋಕೋಲಿನ ಅರಳಿಮರ ನಿಲ್ಲಿಸಿ, ಅದರ ಸುತ್ತ ಕಟ್ಟೆ ಮಾಡಿ, ಊರು ಅನ್ನುವ ಹಾಗೆ ಮಾಡಿದ್ದರು. ಕಾಂಪೌಂಡಿನ ಆಚೆ ಕಸದ ಗಾಡಿ ಹಾಡು ಹಾಕಿಕೊಂಡು ಹೋದಾಗಲೆಲ್ಲ ಊರು ಬಾಯಿ ಮುಚ್ಚಿಕೊಂಡು ಕಾಯಬೇಕಿತ್ತು. ಕಟ್ಟೆಯ ಮುಂದೆ ಐದು ಕುರ್ಚಿ. ಐವರು ಹಿರಿಯರು. ಅವರಿಗೆ ಹೆಸರಿಲ್ಲ, ಹಿರಿಯರು ಒಂದು, ಹಿರಿಯರು ಎರಡು, ಹೀಗೆ.

“ನಾಲ್ಕು ಬಂದ್ರಾ? ನಾಲ್ಕಕ್ಕೆ ಮೇಕಪ್ ಹಾಕ್ರಪ್ಪ!” ಎಂದು ಯಾರೋ ಕೂಗಿದರು.

“ನನ್ನ ಹೆಸರು ಶಂಭುಲಿಂಗಪ್ಪ ಅಂತ,” ಎಂದರು ಇವರು.

“ಇರ್ಲಿ ಬಿಡಿ ಸಾರ್,” ಎಂದ ಮೇಕಪ್ಪಿನವನು ಕ್ಷಮಿಸುವವನ ಹಾಗೆ, ಮುಖಕ್ಕೆ ಸ್ಪಂಜು ಒತ್ತುತ್ತ.

ಪಕ್ಕದ ಕುರ್ಚಿಯಲ್ಲಿ ಮೇಕಪ್ ಮುಗಿಸಿಕೊಂಡು ಕೂತಿದ್ದ ತೆಳ್ಳನೆಯ ಮುದುಕರು ನಕ್ಕರು. ಅವರು ಹಿರಿಯರು ಎರಡು. ನಿಜವಾದ ಹೆಸರು ಚಿಕ್ಕಬೈರಪ್ಪ, ಹೊಸಕೆರೆಹಳ್ಳಿಯವರು. ಇಪ್ಪತ್ತೈದು ವರ್ಷದಿಂದ ಇದೇ ಕಸುಬು. “ಹೆಸರು ಮನೇಲಿಟ್ಟು ಬರ್ಬೇಕು ಯಜಮಾನ್ರೇ ಇಲ್ಲಿಗೆ,” ಎಂದರು. “ನಾನು ಪೊಲೀಸ್ ಎರಡು ಆಗಿದೀನಿ, ಗಂಡಿನ ಕಡೆಯೋರು ಮೂರು, ಭಕ್ತ ಐದು, ಬಸ್ ಸ್ಟಾಪಲ್ಲಿ ನಿಂತಿರೋನು ಒಂದು. ನಂಬರ್ ಚೆನ್ನಾಗಿರುತ್ತೆ. ಜವಾಬ್ದಾರಿ ಇಲ್ಲ.”

ಶಂಭುಲಿಂಗಪ್ಪ ಹೆಂಡತಿಗೆ ಫೋನ್ ಮಾಡಿದರು. ಕಮಲಾದೇವಿ ದಿನಾ ಸಂಜೆ ಏಳಕ್ಕೆ ಟೀವಿಯ ಮುಂದೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಜಾಹೀರಾತು ಬರುವ ತನಕ ಏಳುವವರಲ್ಲ. ಗಂಡ ಸೀರಿಯಲ್ಲಿನ ಹೆಸರು ಹೇಳುತ್ತಲೇ ಅತ್ತ ಕಡೆ ಪಾತ್ರೆ ಬಿದ್ದ ಸದ್ದಾಯಿತು.

“‘ಹೇಮಾಳ ಹೊಸಿಲು’ಗಾ! ರೀ, ನಿಜ ಹೇಳ್ತಿದೀರಾ? ಹೇಮಾ ಇದಾಳಾ ಅಲ್ಲಿ? ಊಟ ಮಾಡಿದ್ಲಾ ಅವಳು?”

“ಚಿತ್ರಾನ್ನ ತಿಂತಿದಾಳೆ.”

“ತಿನ್ನಲಿ ಪಾಪ, ಮನೇಲಿ ಅತ್ತೆ ಊಟ ಹಾಕಿ ಮೂರು ವಾರ ಆಯ್ತು. ನಿಮ್ಮದು ಏನು ಸೀನು?”

ಶಂಭುಲಿಂಗಪ್ಪ ಕೇಳಿ ತಿಳಿದುಕೊಂಡದ್ದನ್ನು ಹೇಳಿದರು. ಮನೆದೇವರ ಬೆಳ್ಳಿ ಮುಖವಾಡ ಕಳುವಾಗಿದೆ. ಸೊಸೆ ಹೇಮಾಳೇ ಕದ್ದಿದ್ದು ಎಂದು ಅತ್ತೆ ಪಂಚಾಯಿತಿ ಸೇರಿಸಿದ್ದಾಳೆ. ಅತ್ತೆ ಹೇಳಿದ್ದಕ್ಕೆಲ್ಲ ಹಿರಿಯರು ಹೌದು ಹೌದು ಎಂದು ತಲೆಯಾಡಿಸಬೇಕು. ಅಷ್ಟೇ.

ಅಷ್ಟು ಕೇಳುತ್ತಲೇ ಕಮಲಾದೇವಿಯ ದನಿ ಬೇರೆಯಾಗಿ ಬಂತು.

“ಕದ್ದಿದ್ದು ಹೇಮಾ ಅಲ್ಲ. ಅವಳ ವಾರಗಿತ್ತಿ ಚಂಚಲಾ. ಗುರುವಾರ ನಾನೇ ಕಣ್ಣಾರೆ ನೋಡಿದೀನಿ, ಅಕ್ಕಿ ಡಬ್ಬದೊಳಗೆ ಬಚ್ಚಿಟ್ಲು. ನೀವು ಆ ಮಗು ವಿರುದ್ಧ ತಲೆ ಆಡಿಸಿದ್ರೋ, ಇಲ್ಲಿ ಅಡುಗೆ ಆಗಿರಲ್ಲ.”

“ಕಮಲಾ, ಇದು ನಾಟಕ ಕಣೇ.”

“ನಲವತ್ತು ವರ್ಷದಲ್ಲಿ ನೀವು ಒಬ್ಬರಿಗೂ ಸುಳ್ಳು ತೂಕ ಕೊಟ್ಟಿದ್ದಿಲ್ಲ. ಈಗ ಕೊಡ್ತೀರೋ ಕೊಡಿ,” ಎಂದು ಫೋನಿಟ್ಟರು.

ನಿರ್ದೇಶಕ ಯುವರಾಜ್ ಚಡ್ಡಿ, ಟೋಪಿ ಹಾಕಿಕೊಂಡು ಒಂದೇ ಸಮನೆ ಅತ್ತಿತ್ತ ಓಡಾಡುವ ಮನುಷ್ಯ. ಆಕ್ಷನ್ ಅಂದ. ಅತ್ತೆ ಮುಂದೆ ಬಂದು, ಕಿವಿಯ ಜುಮುಕಿಗಳು ಕುಣಿಯುವಂತೆ ಕಿರುಚಿ, ‘ಇವಳೇ ಕಳ್ಳಿ!’ ಎಂದು ಬೆರಳು ತೋರಿಸಿದಳು. ಒಂದು ತಲೆಯಾಡಿಸಿದರು. ಎರಡು ಆಡಿಸಿದರು. ಮೂರು ಆಡಿಸಿದರು. ಐದಂತೂ ಪಕ್ಕದ ಮನೆಯವರಿಗೂ ಕಾಣುವಂತೆ ಆಡಿಸಿದರು. ನಾಲ್ಕು ಅಲುಗಲಿಲ್ಲ. ನಾಲ್ಕರ ಕಣ್ಣಿಗೆ ಅತ್ತೆ ಕಾಣುತ್ತಿರಲಿಲ್ಲ, ಖಾಲಿ ಒಲೆ ಕಾಣುತ್ತಿತ್ತು.

“ಕಟ್! ನಾಲ್ಕು, ಏನಾಯ್ತು? ತಲೆ ಆಡಿಸ್ಬೇಕಲ್ವಾ?”

“ಆಡಿಸ್ತೀನಪ್ಪ. ಸಾಕ್ಷಿ ಏನಿದೆ?”

ಯುವರಾಜ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಅಂಕಲ್, ಇದು ಕಥೆ.”

“ಕಥೇಲೂ ನ್ಯಾಯ ಅಂತ ಒಂದಿರುತ್ತಲ್ಲ. ಆ ಹುಡುಗಿನ ಒಂದು ಮಾತು ಕೇಳಿಲ್ಲ ನೀವು. ಹೋಗ್ಲಿ, ಮನೇಲಿ ಅಕ್ಕಿ ಡಬ್ಬ ಹುಡುಕಿದ್ರಾ?”

ಹೇಮಾಳ ಪಾತ್ರದ ಮೈತ್ರಿ, ಗ್ಲಿಸರಿನ್ ಹಾಕಿಕೊಂಡು ಅಳುತ್ತಿದ್ದವಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಿಸಕ್ಕೆಂದು ನಕ್ಕಳು. ಎರಡನೇ ಸಲ ತೆಗೆದರು. ನಾಲ್ಕು ಮರದ ಬೊಂಬೆ. ಮೂರನೇ ಸಲ ಅವರ ಕತ್ತು ತಾನಾಗಿಯೇ ಕೆಳಗಿಳಿಯಲು ಹೊರಟಿತ್ತು, ಬಲವಂತದಿಂದ ತಡೆದರು. ಹಾಗಾಗಿ ಹುಬ್ಬು ಗಂಟಿಕ್ಕಿ, ಮೀಸೆ ನಡುಗಿತು. ಅಷ್ಟರಲ್ಲಿ ಬಿಸಿಲು ಕಾಂಪೌಂಡು ದಾಟಿತು. ಆ ಕಂತು ಮಾರನೇ ಸಂಜೆಯೇ ಪ್ರಸಾರವಾಗಬೇಕಿತ್ತು. “ಎಡಿಟಿಂಗಲ್ಲಿ ನಾಲ್ಕನ್ನ ತೆಗೆದ್ರಾಯ್ತು ಬಿಡ್ರೋ,” ಎಂದು ಯುವರಾಜ್ ಕೈಚೆಲ್ಲಿದ.

ತೆಗೆಯಲಿಲ್ಲ. ಕಂತಿಗೆ ಅರ್ಧ ನಿಮಿಷ ಕಮ್ಮಿ ಬಿತ್ತೋ ಏನೋ, ಎಡಿಟಿಂಗಿನವರು ನಾಲ್ಕರ ಮುಖವನ್ನೇ ಎಳೆದು ತುಂಬಿಸಿದ್ದರು. ಮಾರನೇ ಸಂಜೆ ಮನೆಮಂದಿಯೆಲ್ಲ ಟೀವಿಯ ಮುಂದೆ ಕೂತಿದ್ದಾಗ ಗಂಟಿಕ್ಕಿದ ಹುಬ್ಬು, ನಡುಗುವ ಮೀಸೆ ‘ಢಂ’ ಎಂದು ಬಂತು. ಕಪ್ಪು ಬಿಳುಪಿನಲ್ಲಿ ಇನ್ನೊಮ್ಮೆ ‘ಢಂ’. ಓರೆಯಾಗಿ ಮತ್ತೊಮ್ಮೆ ‘ಢಂ’.

ಕಮಲಾದೇವಿ ಕೆನ್ನೆ ಕೆನ್ನೆ ಬಡಿದುಕೊಂಡು ಟೀವಿಗೆ ದೃಷ್ಟಿ ತೆಗೆದರು. ಮಗ ಕೈಲಾಸ್ ಬಿಟ್ಟ ಬಾಯಿ ಮುಚ್ಚಲಿಲ್ಲ. ಅಂಜನಾ ಫೋನ್ ತೆರೆದು ಜನ ಬರೆದದ್ದನ್ನು ಓದತೊಡಗಿದಳು.

“ಮಾವ, ಕೇಳಿ. ‘ಎಡದಿಂದ ನಾಲ್ಕನೆಯವರಿಗೆ ಮಾತ್ರ ಮನಸ್ಸಾಕ್ಷಿ ಇದೆ.’ ಇನ್ನೊಬ್ರು ಬರ್ದಿದಾರೆ, ‘ನಾಲ್ಕನೇ ತಾತ ಸಖತ್ ಗುರು, ಒಂದ್ ಮಾತಾಡ್ದೆ ಅತ್ತೆ ಬೆವರಿಳಿಸ್ಬಿಟ್ರು.’ ಇಲ್ಲೊಬ್ರು ನಾಲ್ಕನೆಯವರು ಹೇಮಾಳ ನಿಜವಾದ ಅಪ್ಪ ಅಂತಾರೆ.”

“ಯಾರಮ್ಮ ಅದು?” ಎಂದು ಶಂಭುಲಿಂಗಪ್ಪ ಗಾಬರಿಯಿಂದ ಹೆಂಡತಿಯ ಕಡೆ ನೋಡಿದರು.

ಅಲ್ಲಿಂದ ಅವರ ಹಗಲುಗಳು ಬದಲಾದವು. ಅಂಗಡಿಗೆ ಬಂದವರು ಮೊಳೆ ಕೊಳ್ಳುವುದಕ್ಕಿಂತ ಮುಂಚೆ ಅವರ ಜೊತೆ ಫೋಟೋ ತೆಗೆಸಿಕೊಂಡರು. ದರ್ಶಿನಿಯಲ್ಲಿ ಕಾಫಿ ಕೊಡುವವನು, ‘ನಾಲ್ಕನೆಯವರಿಗೆ ಒಂದು ಸ್ಟ್ರಾಂಗು!’ ಎಂದು ಒಳಗೆ ಕೂಗಿದ. ಬಸ್ಸಿನಲ್ಲಿ ಒಬ್ಬ ಮುದುಕಿ ಕೈಹಿಡಿದು, ‘ಆ ಮಗು ಕೈ ಬಿಡ್ಬ್ಯಾಡಪ್ಪ’ ಎಂದು ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಶಂಭುಲಿಂಗಪ್ಪ ಎಂಬ ಹೆಸರಿಟ್ಟುಕೊಂಡು ಓಡಾಡಿದಾಗ ತಿರುಗಿ ನೋಡದಿದ್ದ ರಸ್ತೆ, ನಾಲ್ಕು ಅನ್ನುತ್ತಲೇ ದಾರಿ ಬಿಡುತ್ತಿತ್ತು. ಅವರಿಗೆ ಅದು ಹಿತವಾಯಿತು. ಬಹಳ ಹಿತವಾಯಿತು. ಬೆಳಿಗ್ಗೆ ಮೀಸೆಗೆ ಕೊಬ್ಬರಿ ಎಣ್ಣೆ ಹಚ್ಚಲು ಶುರುಮಾಡಿದರು.

ವಾರದೊಳಗೆ ವೇಣು ತಾನೇ ಅಂಗಡಿಗೆ ಬಂದ. ಈ ಸಲ ಕೈಯಲ್ಲಿ ಹಣ್ಣಿನ ಚೀಲವಿತ್ತು.

“ಸಾರ್,” ಎಂದ. ಅಂಕಲ್ ಹೋಗಿ ಸಾರ್ ಬಂದಿತ್ತು. “ಚಾನೆಲ್‌ನೋರು ನಿಮ್ಮ ಟ್ರ್ಯಾಕ್ ಬೆಳೆಸಿ ಅಂದಿದಾರೆ. ಇನ್ಮೇಲೆ ನೀವು ನಾಲ್ಕಲ್ಲ. ರುದ್ರಮೂರ್ತಿಗಳು. ಡೈಲಾಗೂ ಇದೆ.”

ಡೈಲಾಗ್ ಇದ್ದದ್ದು ಹೀಗೆ: ‘ನಿಲ್ಲಿಸಿ! ಸತ್ಯ ತಿಳಿಯದೆ ಹೆಣ್ಣುಮಗಳ ಕಡೆ ಬೆರಳು ತೋರಿಸಬೇಡಿ!’ ಶಂಭುಲಿಂಗಪ್ಪ ಅದನ್ನು ಬಚ್ಚಲಲ್ಲಿ ಹೇಳಿದರು, ಟೆರೇಸಿನಲ್ಲಿ ಹೇಳಿದರು. ಅಂಗಡಿಯಲ್ಲಿ ನಲ್ಲಿ ವಾಪಸ್ ತಂದ ಗಿರಾಕಿಯ ಜೊತೆ ಅಂಜನಾ ವಾದ ಮಾಡುತ್ತಿದ್ದಾಗ ಹಿಂದಿನಿಂದ ‘ನಿಲ್ಲಿಸಿ!’ ಎಂದದ್ದಕ್ಕೆ ಗಿರಾಕಿ ನಲ್ಲಿ ಬಿಟ್ಟು ಹೊರಟೇಹೋದ.

ಶೂಟಿಂಗಿನ ದಿನ ಮೇಕಪ್ ಕೋಣೆಯಲ್ಲಿ ಅವರಿಗೆ ಬೇರೆ ಕುರ್ಚಿ, ಬೇರೆ ಕನ್ನಡಿ. ಚಿಕ್ಕಬೈರಪ್ಪ ಬಂದು ಕೈಕುಲುಕಿದರು. ಆದರೆ ಮುಖದಲ್ಲಿ ಸಂತೋಷಕ್ಕಿಂತ ಸಂತಾಪವೇ ಹೆಚ್ಚಿತ್ತು.

“ಹೆಸರು ಕೊಟ್ರಂತೆ?”

“ಕೊಟ್ರು. ರುದ್ರಮೂರ್ತಿ.”

“ಮನೆ ತೋರಿಸ್ತಾರಂತಾ?”

“ನಾಳೆ ತೋರಿಸ್ತಾರಂತೆ. ಹೆಂಡತಿನೂ ಇದಾಳಂತೆ. ನನಗೆ ಆಗಾಗ ಕೆಮ್ಮು ಬರುತ್ತಂತೆ.”

ಚಿಕ್ಕಬೈರಪ್ಪ ತಲೆ ಕೊಡವಿದರು. “ಕೆಮ್ಮೂ ಕೊಟ್ಬಿಟ್ರಾ. ಯಜಮಾನ್ರೇ, ತಪ್ಪು ತಿಳ್ಕೋಬೇಡಿ, ಅನುಭವದ ಮಾತು ಹೇಳ್ತೀನಿ. ನಂಬರಿಗೆ ಸಾವಿಲ್ಲ. ಪೊಲೀಸ್ ಎರಡು ಸತ್ತ ಅಂದ್ರೆ ಯಾರು ಅಳ್ತಾರೆ? ಸಾಯಿಸಿ ಏನು ಲಾಭ? ಹೆಸರು ಕೊಟ್ರು ಅಂದ್ರೆ ಜನ ಇಷ್ಟಪಡ್ಲಿ ಅಂತ. ಜನ ಇಷ್ಟಪಟ್ರು ಅಂದ್ರೆ ಸಾಯಿಸಕ್ಕೆ ರೆಡಿ ಅಂತ. ನಂಗೂ ಒಂದ್ಸಲ ಕೊಟ್ಟಿದ್ರು ಹೆಸರು. ಮಾದಯ್ಯ ಅಂತ. ಸೋಮವಾರ ಕೊಟ್ರು, ಬುಧವಾರ ಚಟ್ಟ. ನಮ್ಮವ್ವ ಟೀವಿ ನೋಡಿ ಎದೆ ಬಡ್ಕೊಂಡು ಅತ್ಲು. ನಾನು ಪಕ್ಕದಲ್ಲೇ ಕೂತು ಮುದ್ದೆ ತಿಂತಾ, ‘ಅವ್ವಾ ಇಲ್ಲಿದೀನಿ, ಅವ್ವಾ ಇಲ್ಲಿದೀನಿ’ ಅಂತಿದ್ರೆ, ‘ನೀನು ಸುಮ್ಕಿರೋ, ನನ್ ಮಗ ಹೋಗ್ಬಿಟ್ಟ’ ಅಂತಾಳೆ.”

ಶಂಭುಲಿಂಗಪ್ಪ ನಕ್ಕರು. ಹೊಟ್ಟೆಕಿಚ್ಚು ಪಾಪ, ಅಂದುಕೊಂಡರು. ಇಪ್ಪತ್ತೈದು ವರ್ಷ ದುಡಿದವನಿಗೆ ಸಿಗದ್ದು ತನಗೆ ಒಂದೇ ವಾರದಲ್ಲಿ ಸಿಕ್ಕರೆ ಯಾರಿಗಾದರೂ ಹಾಗಾಗುತ್ತದೆ.

ಆ ದಿನದ ಡೈಲಾಗು ಅವರು ಹೇಳಿದ ರೀತಿ ಮುಂದೆ ಆ ಬಂಗಲೆಯಲ್ಲಿ ಬಹಳ ಕಾಲ ಮಾತಿಗೆ ಬರುತ್ತಿತ್ತು. ಮೊದಲನೇ ಸಲ ‘ನಿಲ್ಲಿಸಿ!’ ಎಂದು ಅವರು ಗುಡುಗಿದ್ದಕ್ಕೆ ಅತ್ತೆ ಬೆಚ್ಚಿ ತನ್ನ ಮಾತೇ ಮರೆತಳು. ಎರಡನೇ ಸಲ ‘ನಿಲ್ಲಿಸಿ!’ ಎಂದಾಗ ಬೀದಿಯಲ್ಲಿದ್ದ ಜನರೇಟರಿನವನು ತನಗೇ ಹೇಳಿದ್ದೆಂದುಕೊಂಡು ಜನರೇಟರನ್ನೇ ನಿಲ್ಲಿಸಿಬಿಟ್ಟ, ದೀಪಗಳೆಲ್ಲ ಆರಿದವು. ಮೂರನೇ ಸಲ ಎಲ್ಲವೂ ಸರಿಯಾಗಿ ಆಯಿತು. ಮೈತ್ರಿ ಗ್ಲಿಸರಿನ್ ಇಲ್ಲದೆಯೇ ಅತ್ತಳು. ಯುವರಾಜ್ ಬಂದು ಅಪ್ಪಿಕೊಂಡ. ಚಿಕ್ಕಬೈರಪ್ಪ ಮಾತ್ರ ನೆಲ ನೋಡುತ್ತ ನಿಂತಿದ್ದರು.

ಮುಂದಿನ ಕೆಲವು ಸಂಜೆಗಳಲ್ಲಿ ರುದ್ರಮೂರ್ತಿಗಳು ಹೇಮಾಳಿಗೆ ಆಶ್ರಯ ಕೊಟ್ಟರು, ಅಕ್ಕಿ ಡಬ್ಬದ ಕಡೆ ಸಂಶಯದಿಂದ ನೋಡಿದರು, ಕೆಮ್ಮಿದರು. ಮನೆಯಲ್ಲಿ ಶಂಭುಲಿಂಗಪ್ಪನವರ ರೀತಿಯೂ ಬದಲಾಯಿತು. ಬೆಳಿಗ್ಗೆ ಬಿಸಿನೀರಿಗೆ ಜೇನುತುಪ್ಪ ಬೇಕೆಂದರು. ತಿಂಡಿಗೆ ಕರೆದರೆ ಒಂದು ಕ್ಷಣ ಬಿಟ್ಟು, ಕತ್ತು ಮಾತ್ರ ತಿರುಗಿಸಿ ನೋಡುತ್ತಿದ್ದರು. ‘ಅವರಿಗೆ ಕ್ಲೋಸಪ್ ಕೊಡೋ ರೋಗ ಬಂದಿದೆ,’ ಎಂದು ಕಮಲಾದೇವಿ ಸೊಸೆಯ ಹತ್ತಿರ ಹೇಳಿ ನಕ್ಕರು.

ಒಂದು ಶನಿವಾರ ದೋಸೆ ತಿನ್ನುತ್ತಿದ್ದಾಗ ವೇಣುವಿನ ಫೋನು ಬಂತು. ಮಾತಾಡಿ ಮುಗಿಸಿದ ಶಂಭುಲಿಂಗಪ್ಪನವರ ಮುಖ ಅರಳಿತ್ತು.

“ನನ್ನದೊಂದು ಫೋಟೋ ಬೇಕಂತೆ. ಫ್ರೇಮ್ ಹಾಕಿಸಿ ಸೆಟ್ಟಲ್ಲಿ ಗೋಡೆಗೆ ಹಾಕ್ತಾರಂತೆ. ಅರವತ್ತು ತುಂಬಿದಾಗ ಕೈಲಾಸ್ ತೆಗೆಸಿದ್ನಲ್ಲ, ರೇಷ್ಮೆ ಶಲ್ಯದ್ದು, ಅದನ್ನ ಕಳಿಸ್ತೀನಿ ಅಂದೆ. ಆಗಬಹುದು ಅಂದ.”

ಕಾವಲಿಯ ಮೇಲೆ ದೋಸೆ ತಿರುವುತ್ತಿದ್ದ ಕಮಲಾದೇವಿಯ ಕೈ ನಿಂತಿತು.

“ನಿಮ್ಮೊಬ್ರದೇ ಫೋಟೋ ಅಂದ್ನಾ?”

“ಹೂಂ.”

“ನೇರವಾಗಿ ನೋಡ್ತಿರ್ಬೇಕು ಅಂದ್ನಾ?”

“ಹೂಂ. ತುಂಬಾ ನಗ್ತಿರಬಾರ್ದು, ಶಾಂತವಾಗಿರ್ಲಿ ಅಂದ.”

“ಅಯ್ಯೋ ನನ್ ಕರ್ಮವೇ,” ಎಂದು ಕಮಲಾದೇವಿ ಗ್ಯಾಸ್ ಆರಿಸಿದರು. “ಇಪ್ಪತ್ತು ವರ್ಷದಿಂದ ಸೀರಿಯಲ್ ನೋಡ್ತಿದೀನಿ ರೀ, ಇಷ್ಟು ಗೊತ್ತಾಗಲ್ವಾ? ನಿಮ್ಮನ್ನ ಸಾಯಿಸ್ತಿದಾರೆ! ಹಾರ ಹಾಕಕ್ಕೆ ಕೇಳ್ತಿದಾರೆ!”

ಶಂಭುಲಿಂಗಪ್ಪ ಕೈಯಲ್ಲಿದ್ದ ದೋಸೆಯ ಚೂರನ್ನು ತಟ್ಟೆಗೆ ಹಾಕಿದರು. ಚಿಕ್ಕಬೈರಪ್ಪನವರ ಮುಖ ಕಣ್ಣ ಮುಂದೆ ಬಂತು. ಆ ಕ್ಷಣ ಅವರಿಗೆ ನಿಜವಾಗಿಯೂ ಒಂದು ಕೆಮ್ಮು ಬಂತು. ಆದರೂ ಒಂದು ಕೈ ನೋಡಿಯೇಬಿಡೋಣವೆಂದು, “ನಾಟಕ ತಾನೇ,” ಎಂದರು.

“ನಿಮಗೆ ನಾಟಕ. ನಾನು ಏಳು ಗಂಟೆಗೆ ದೀಪ ಹಚ್ಚಿ ಬಂದು ಟೀವಿ ಹಾಕಿದ್ರೆ ನನ್ನ ಗಂಡನ ಫೋಟೋಗೆ ಹಾರ ನೋಡ್ಬೇಕಾ? ಬೀದಿ ಜನ ಎಲ್ಲ ಬಂದು ನನ್ನ ಹಣೆ ನೋಡ್ಬೇಕಾ? ಏಳಿ. ಆಟೋ ಕರೀರಿ.”

ಕದಿರೇನಹಳ್ಳಿಯ ಹತ್ತಿರ ಟ್ರಾಫಿಕ್ಕು, ಸಾರಕ್ಕಿ ಸಿಗ್ನಲ್ಲಿನಲ್ಲಿ ಇನ್ನೂ ಟ್ರಾಫಿಕ್ಕು. ಕಮಲಾದೇವಿ ದಾರಿಯುದ್ದಕ್ಕೂ ಗಂಡನ ಪಂಚೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಮದುವೆಯಾದ ಹೊಸತರಲ್ಲಿ ಚಿಕ್ಕಪೇಟೆಯ ಜನಜಂಗುಳಿಯಲ್ಲಿ ಕಳೆದುಹೋಗುತ್ತೇನೆಂದು ಹೀಗೆ ಹಿಡಿಯುತ್ತಿದ್ದರು. ಶಂಭುಲಿಂಗಪ್ಪನವರಿಗೆ ಅದು ನೆನಪಾಗಿ, ಸಾಯುವುದೂ ಅಷ್ಟೇನು ಕೆಟ್ಟದ್ದಲ್ಲವೇನೋ ಅನ್ನಿಸಿತು.

ಬಂಗಲೆಯ ಹಜಾರಕ್ಕೆ ಕಾಲಿಡುತ್ತಲೇ ಅದು ಕಂಡಿತು. ವೇಣು ಕಾಯುವ ಆಸಾಮಿಯಲ್ಲ. ಹಳೇ ಕಂತಿನಿಂದಲೇ ಒಂದು ಮುಖ ತೆಗೆಸಿ, ಸದ್ಯಕ್ಕೆ ಫ್ರೇಮು ಹಾಕಿಸಿ, ಲೈಟಿಂಗ್ ನೋಡಲು ಗೋಡೆಗೆ ತೂಗುಹಾಕಿದ್ದ. ಗಂಧದ ಹಾರ. ಮುಂದೆ ಬ್ಯಾಟರಿಯ ದೀಪ. ಅದರ ಕೆಳಗೆ ಹಿರಿಯರು ಒಂದು, ಎರಡು, ಮೂರು, ಐದು ಸಾಲಾಗಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು.

ಕಮಲಾದೇವಿ ಸೀದಾ ಹೋಗಿ, ಸ್ಟೂಲು ಎಳೆದುಕೊಂಡು, ಹತ್ತಿ, ಹಾರ ಕಿತ್ತು, ದೀಪದ ಸ್ವಿಚ್ಚು ಆರಿಸಿದರು. ಫೋಟೋ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

“ಯಾರ್ರೀ ಇಲ್ಲಿ ನಮ್ಮನೆಯವರನ್ನ ಸಾಯಿಸ್ತಿರೋದು?”

ಉಪ್ಪಿಟ್ಟಿನ ಚಮಚಗಳೆಲ್ಲ ಒಟ್ಟಿಗೆ ನಿಂತವು. ಯುವರಾಜ್ ಓಡಿಬಂದ.

“ಆಂಟಿ, ಆಂಟಿ, ಕೇಳಿ. ಕಥೆಗೆ ಬೇಕು ಆಂಟಿ. ಹೇಮಾಗೆ ಆಸರೆ ಇರೋವರೆಗೂ ಜನಕ್ಕೆ ಟೆನ್ಷನ್ ಆಗಲ್ಲ. ಆಸರೆ ಹೋಗ್ಬೇಕು. ಅವಳು ಬೀದಿಗೆ ಬರ್ಬೇಕು. ಆಮೇಲೆ ಅವಳು ಪುಟಿದೇಳೋದು.”

“ಆಸರೆ ಹೋಗ್ಬೇಕು ಅಂದ್ರೆ ಪ್ರಾಣನೇ ಹೋಗ್ಬೇಕಾ? ಕಾಶಿಗೆ ಕಳಿಸಿ.”

“ಹೇಮಾಳ ಮಾವ ಆಗ್ಲೇ ಕಾಶಿಲಿದಾರೆ ಆಂಟಿ. ಅವರ ತಮ್ಮನೂ ಅಲ್ಲೇ. ಇನ್ನೊಬ್ರು ಹೋದ್ರೆ ಟೂರ್ ಥರ ಕಾಣುತ್ತೆ.”

“ನೆನಪು ಹೋಯ್ತು ಅನ್ನಿ.”

“ನೆನಪು ಹೇಮಾಳ ಗಂಡಂದು ಹೋಗಿದೆ.”

“ಮೆಟ್ಟಿಲ ಮೇಲಿಂದ ಬಿದ್ದು ಕೋಮಾ?”

“ಅತ್ತೆಗೆ ಇಟ್ಕೊಂಡಿದೀವಿ, ಡಿಸೆಂಬರ್‌ಗೆ.”

ಯುವರಾಜ್ ಸುತ್ತ ನೋಡಿದ. ಅವನ ದೃಷ್ಟಿ ಉಪ್ಪಿಟ್ಟಿನ ಸಾಲಿನ ಮೇಲೆ ಹರಿದು ಚಿಕ್ಕಬೈರಪ್ಪನವರ ಮೇಲೆ ನಿಂತಿತು. “ಎರಡು, ನಿಮಗೊಂದು ಹೆಸರು ಕೊಟ್ರೆ ಹೇಗೆ? ರುದ್ರಮೂರ್ತಿಗಳ ಅಣ್ಣ ಅಂತ. ಅವರ ಬದಲು ನೀವು...”

“ಅಯ್ಯಪ್ಪಾ, ಬ್ಯಾಡಿ ಸಾರ್!” ಚಿಕ್ಕಬೈರಪ್ಪ ತಟ್ಟೆ ಹಿಡಿದುಕೊಂಡೇ ಎದ್ದುನಿಂತರು. “ನಾನು ಎರಡಾಗೇ ಇರ್ತೀನಿ. ಮನೇಲಿ ಅವ್ವಂಗೆ ತೊಂಬತ್ತು. ಇನ್ನೊಂದ್ಸಲ ತಡ್ಕೊಳಲ್ಲ.” ಯುವರಾಜ್ ಐದರ ಕಡೆ ತಿರುಗುವಷ್ಟರಲ್ಲಿ ಐದು ಕೈತೊಳೆಯಲು ಹೋಗಿಯಾಗಿತ್ತು.

ಆಗ ಶಂಭುಲಿಂಗಪ್ಪ ಮುಂದೆ ಬಂದರು. ಈ ಹೊತ್ತಿಗೆ ಅವರಿಗೆ ಒಂದು ವಿಷಯ ಖಚಿತವಾಗಿತ್ತು. ಈ ಊರಿನ ಅಷ್ಟು ಜನ ಕೊಟ್ಟ ಮರ್ಯಾದೆ ಸಿಹಿಯಾಗಿತ್ತು, ನಿಜ. ಆದರೆ ತಮ್ಮ ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ನಿಂತ ಹೆಂಡತಿಯನ್ನು ನೋಡಿದ ಮೇಲೆ ಅದೆಲ್ಲ ಸ್ವಲ್ಪ ಸಪ್ಪೆಯೆನಿಸಿತ್ತು.

“ನೋಡಪ್ಪ ಯುವರಾಜ್, ನನ್ನ ಹೆಸರು ವಾಪಸ್ ತಗೋ. ಮತ್ತೆ ನಾಲ್ಕು ಮಾಡು. ನಾನು ಸುಮ್ನೆ ಕೂತಿರ್ತೀನಿ.”

“ಆಗಲ್ಲ ಸಾರ್. ಒಂದ್ಸಲ ಹೆಸರು ಬಂದ್ಮೇಲೆ ಜನ ಬಿಡಲ್ಲ. ರುದ್ರಮೂರ್ತಿ ಎಲ್ಲಿ ಅಂತಾರೆ.”

ಕಮಲಾದೇವಿ ಸ್ಟೂಲಿನಿಂದ ಇಳಿದರು. ಏನೋ ಹೊಳೆದಿತ್ತು. “ರುದ್ರಮೂರ್ತಿಗೆ ಮಕ್ಕಳಿದಾರಾ?”

“ಇನ್ನೂ ಬರೆದಿಲ್ಲ.”

“ಬರೀರಿ. ಒಬ್ಬಳು ಮಗಳು, ದಾವಣಗೆರೇಲಿ. ತುಂಬಿದ ಬಸುರಿ. ಹೆರಿಗೆಗೆ ಅಂತ ರುದ್ರಮೂರ್ತಿ ಹೆಂಡತಿ ಹೊರಟು ನಿಲ್ತಾಳೆ.”

“ಹೆಂಡತಿ ಹೋಗ್ಲಿ ಆಂಟಿ, ಬಾಣಂತನಕ್ಕೆ ಗಂಡಸ್ಯಾಕೆ?”

“ಅಲ್ಲ ಕಣಪ್ಪ, ಹೆಂಡತಿ ಹೋದ್ರೆ ಈ ಗಂಡಸಿಗೆ ಅನ್ನ ಬೇಯಿಸೋಕೆ ಬರುತ್ತಾ? ಒಂದು ಕಾಫಿ ಮಾಡಕ್ಕೆ ಬರುತ್ತಾ? ಬೇಕಾದ್ರೆ ಕೇಳು. ಅವರೂ ಹಿಂದೆನೇ ಹೋಗ್ತಾರೆ.”

ಎಲ್ಲರೂ ಶಂಭುಲಿಂಗಪ್ಪನವರ ಕಡೆ ನೋಡಿದರು. ಅವರು ಯೋಚಿಸಿದರು. “ಬರಲ್ಲ,” ಎಂದು ಒಪ್ಪಿಕೊಂಡರು. “ಹೋಗಬೇಕಾಗುತ್ತೆ.”

ಮೈತ್ರಿ ಚಪ್ಪಾಳೆ ಹೊಡೆದಳು. ಯುವರಾಜ್ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣುಮುಚ್ಚಿಕೊಂಡಿದ್ದು, “ಬಸ್ ಸ್ಟ್ಯಾಂಡಲ್ಲಿ ಹೇಮಾ ಅಳೋ ಸೀನ್ ಸಿಗುತ್ತೆ,” ಎಂದ ತನ್ನಷ್ಟಕ್ಕೇ. ಆಮೇಲೆ ಫೋನ್ ತೆಗೆದು ಕಥೆ ಬರೆಯುವವರಿಗೆ ಹೇಳಿದ: “ಸಾವು ಕ್ಯಾನ್ಸಲ್. ಹೆರಿಗೆ ಹಾಕಿ.”

ಫೋಟೋ ವಾಪಸ್ ಕೇಳಿದ ವೇಣುವಿಗೆ ಕಮಲಾದೇವಿ ಕೊಡಲಿಲ್ಲ. “ಹಾರ ಹಾಕಿದ್ದು, ಎಲ್ಲೆಂದ್ರಲ್ಲಿ ಇಡಬಾರದು,” ಎಂದು ಮನೆಗೆ ತಂದು, ಮುಖವನ್ನು ಮಾತ್ರ ಒರೆಸಿ, ಬೀರುವಿನಲ್ಲಿ ತಮ್ಮ ಸೀರೆಗಳ ನಡುವೆ ಇಟ್ಟುಕೊಂಡರು.

ರುದ್ರಮೂರ್ತಿಗಳು ಟ್ರಂಕು ಹಿಡಿದುಕೊಂಡು ಬಸ್ಸು ಹತ್ತಿದ ಕಂತು ಬಹಳ ಚೆನ್ನಾಗಿ ಬಂತೆಂದು ಎಲ್ಲರೂ ಹೇಳಿದರು. ಅಲ್ಲಿಗೆ ಅವರ ಶೂಟಿಂಗು ಮುಗಿಯಿತು. ಖಾಲಿಯಾದ ಕುರ್ಚಿಗೆ ಹೊಸಬರೊಬ್ಬರು ಬಂದು ಕೂತಿದ್ದನ್ನು ಶಂಭುಲಿಂಗಪ್ಪ ಟೀವಿಯಲ್ಲಿ ನೋಡಿದರು. ಆತ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಇವರಿಗೆ ಸ್ವಲ್ಪ ಸಂಕಟವೂ ಆಯಿತು. ಅಂಗಡಿಯಲ್ಲಿ ಅಂಜನಾಳಿಗೆ ಮಾತ್ರ ಒಂದು ವಿಚಾರ ತಿಳಿದಿತ್ತು. ಜನ ಮಾವನನ್ನು ನೋಡಲು ಒಳಗೆ ಬರುತ್ತಾರೆ, ಬಂದವರು ಏನಾದರೂ ಕೊಳ್ಳುತ್ತಾರೆ. ಹಾಗಾಗಿ ಗಲ್ಲಾದ ಪಕ್ಕದಲ್ಲೇ ಅವರಿಗೊಂದು ಜಾಗ ಮಾಡಿಕೊಟ್ಟಿದ್ದಳು. ಬಣ್ಣದ ಬಗ್ಗೆ ಕೇಳಿದವರನ್ನು, “ಮಾವನ್ನ ಕೇಳಿ,” ಎಂದು ಅತ್ತ ಕಳಿಸುತ್ತಿದ್ದಳು.

ಮೂರು ತಿಂಗಳಾದರೂ ಸೀರಿಯಲ್ಲಿನವರು ಆ ಹೆರಿಗೆಯ ಸುದ್ದಿಯನ್ನೇ ಎತ್ತಲಿಲ್ಲ. ಅವರಿಗೆ ಮರೆತೇಹೋಗಿತ್ತು. ಕತ್ರಿಗುಪ್ಪೆಗೆ ಮರೆತಿರಲಿಲ್ಲ. ಒಂದು ಬೆಳಿಗ್ಗೆ ರಸ್ತೆ ತಿರುವಿನಲ್ಲಿ ಸೊಪ್ಪು ಮಾರುವ ಮಾರಮ್ಮ ಅವರನ್ನು ತಡೆದು ನಿಲ್ಲಿಸಿದಳು.

“ಯಾವಾಗ ಬಂದ್ರಿ ಊರಿಂದ? ಮಗಳಿಗೆ ಆಯ್ತಾ? ಏನು ಮಗು?”

ಇದೆಲ್ಲ ಕಥೆ ಎಂದು ಹೇಳಲು ಅವರು ಬಾಯಿ ತೆರೆದರು. ಮಾರಮ್ಮ ಎರಡೂ ಕೈ ಸೊಂಟದ ಮೇಲಿಟ್ಟು, ತನ್ನ ಮಗಳದೇ ಸುದ್ದಿ ಎನ್ನುವಷ್ಟು ಆಸೆಯಿಂದ ಕಾಯುತ್ತಿದ್ದಳು.

“ಹೆಣ್ಣು,” ಎಂದರು ಶಂಭುಲಿಂಗಪ್ಪ.

“ಮಾಲಕ್ಷ್ಮಿ! ಬಾಣಂತಿಗೆ ಹಾಲಿಳೀಬೇಕು, ತಕ್ಕೊಂಡೋಗಿ,” ಎಂದು ಮಾರಮ್ಮ ಸಬ್ಬಸಿಗೆ ಸೊಪ್ಪಿನ ದೊಡ್ಡ ಕಂತೆಯೊಂದನ್ನು ಅವರ ಕೈಗೆ ತುರುಕಿದಳು.

ಮನೆಗೆ ಬಂದು ಅಳುಕುತ್ತಲೇ ವಿಷಯ ಹೇಳಿದರು. ಕಮಲಾದೇವಿ ಹಣೆ ಚಚ್ಚಿಕೊಂಡರು.

“ಹೆಣ್ಣು ಅಂತ ಯಾಕೆ ಹೇಳಿದ್ರಿ? ನಾನು ಪಕ್ಕದ ಮನೆ ಜಯದೇವಿಗೆ ಗಂಡು ಅಂದಿದೀನಿ! ಅವಳೂ ಮಾರಮ್ಮನ ಹತ್ರಾನೇ ಸೊಪ್ಪು ತಗೊಳ್ಳೋದು.”

ಇಬ್ಬರೂ ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತ ಬಹಳ ಹೊತ್ತು ಯೋಚಿಸಿದರು. ಕೊನೆಗೆ ಅವಳಿ ಎಂದು ಹೇಳುವುದೆಂದು ತೀರ್ಮಾನವಾಯಿತು. ತೂಕ ಸ್ವಲ್ಪ ಕಮ್ಮಿ ಇದೆ, ಬೇರೆ ಏನೂ ತೊಂದರೆ ಇಲ್ಲ. ಆ ರಾತ್ರಿ ಊಟಕ್ಕೆ ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿ ರೊಟ್ಟಿ.